ಬೇಸಿಗೆ ಚಿತ್ರಕ್ಕೆ ಛತ್ರಿ ಹಿಡಿದು

ಜೂನ್ 12ರ ಶುಕ್ರವಾರಕ್ಕೆ ನಾನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಯಾಗಿದೆ. ಈಗಿನ ಘೋಷಣೆಯ ಪ್ರಕಾರ ಅವತ್ತು ಸ್ಟೀವನ್ ಸ್ಪೀಲ್‌ಬರ್ಗ್ ಅವರ ‘ಡಿಸ್‌ಕ್ಲೋಷರ್ ಡೇ’ ತೆರೆಗೆ ಬರಬೇಕು. ಅನ್ಯಗ್ರಹದವರ ಕಥೆ, ಅಂದರೆ ಅವರು ಹಿಂದೆಯೂ ಉತ್ತು ಬಿತ್ತಿದ ಹೊಲವೇ. ಚಿತ್ರಕಥೆ ‘ಜುರಾಸಿಕ್ ಪಾರ್ಕ್’ ಬರೆದ ಡೇವಿಡ್ ಕೆಪ್ ಅವರದು, ಸಂಗೀತ ತೊಂಬತ್ತು ದಾಟಿದ ಜಾನ್ ವಿಲಿಯಮ್ಸ್ ಅವರದು. ನಿರ್ದೇಶಕರಿಗೇ ಈಗ ಎಪ್ಪತ್ತೊಂಬತ್ತು. 2016ರ ‘ದಿ ಬಿಎಫ್‌ಜಿ’ ಆದಮೇಲೆ ಅವರ ಯಾವ ಚಿತ್ರವೂ ಬೇಸಿಗೆಯಲ್ಲಿ ಬಿಡುಗಡೆಯಾಗಿರಲಿಲ್ಲ. ಬೇಸಿಗೆ ಚಿತ್ರ ಎಂಬ ವ್ಯವಹಾರವನ್ನೇ ಹುಟ್ಟುಹಾಕಿದವರು ಹತ್ತು ವರ್ಷ ಆ ಕಡೆ ತಲೆ ಹಾಕದೆ ಇದ್ದು ಈಗ ವಾಪಸ್ಸು ಬರುತ್ತಿದ್ದಾರೆ. ಇಷ್ಟು ಕಾರಣ ನನಗೆ ಸಾಕು.

ಬೇಸಿಗೆ ಎಂದರೆ ಅವರ ಬೇಸಿಗೆ. ಹಾಲಿವುಡ್ ಪಂಚಾಂಗದಲ್ಲಿ ಅದು ಮೇ ಮೊದಲ ವಾರಕ್ಕೆ ಶುರುವಾಗಿ ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇಗೆ ಮುಗಿಯುತ್ತದೆ. ನಮ್ಮ ಪಂಚಾಂಗಕ್ಕೆ ಹೊಂದಿಸಿ ನೋಡಿದರೆ ‘ಡಿಸ್‌ಕ್ಲೋಷರ್ ಡೇ’ ಮೃಗಶಿರಾ ಮಳೆಗೆ ಬರುತ್ತದೆ, ಜುಲೈ 17ರ ‘ದಿ ಒಡಿಸ್ಸಿ’ ಪುನರ್ವಸು ಮಳೆಗೆ. ನಮ್ಮ ನಿಜವಾದ ಬೇಸಿಗೆಯ ಸಿನಿಮಾ ಕಾಲ ಅಷ್ಟರಲ್ಲಿ ಮುಗಿದೇ ಹೋಗಿರುತ್ತದೆ. ಯುಗಾದಿ, ಪರೀಕ್ಷೆ, ಐಪಿಎಲ್, ಏಪ್ರಿಲ್ 24ರ ಅಣ್ಣಾವ್ರ ಹುಟ್ಟುಹಬ್ಬ, ಇವುಗಳ ನಡುವೆ ಸಂದು ಹುಡುಕಿಕೊಂಡು ನಮ್ಮ ಚಿತ್ರಗಳು ಬರಬೇಕು. ‘ರಾಜಕುಮಾರ’ 2017ರ ಮಾರ್ಚ್ 24ಕ್ಕೆ, ‘ಕೆಜಿಎಫ್ ಚಾಪ್ಟರ್ 2’ 2022ರ ಏಪ್ರಿಲ್ 14ಕ್ಕೆ ಬಂದದ್ದು ಹೀಗೆಯೇ. ಮಕ್ಕಳಿಗೆ ಶಾಲೆ ಶುರುವಾಗಿ, ಹೊಸ ಪುಸ್ತಕಕ್ಕೆ ಬೈಂಡು ಹಾಕುವ ಹೊತ್ತಿಗೆ ಹಾಲಿವುಡ್ಡಿನ ರಜೆಯ ಚಿತ್ರಗಳು ನಮ್ಮೂರಿಗೆ ಇಳಿಯುತ್ತವೆ. ಒದ್ದೆ ಛತ್ರಿಯನ್ನು ಸೀಟಿನ ಕೆಳಗೆ ತೂರಿಸಿ, ತೆರೆಯ ಮೇಲೆ ಬಿಸಿಲು ಕಾಯಿಸಿಕೊಳ್ಳುವವರನ್ನು ನೋಡುವುದು ಬೆಂಗಳೂರಿನ ಪ್ರೇಕ್ಷಕನ ಪಾಡು. ನನಗಂತೂ ಇದು ಇಷ್ಟ. ಮಳೆ ಹಿಡಿದ ಸಂಜೆಗೆ ದೊಡ್ಡ ಪರದೆಯಷ್ಟು ಒಳ್ಳೆ ಜಾಗ ಇನ್ನೊಂದಿಲ್ಲ.

ಅಮೆರಿಕದಲ್ಲಿ ಬೇಸಿಗೆಗೂ ಚಿತ್ರಮಂದಿರಕ್ಕೂ ಮೊದಲು ಆಗಿಬರುತ್ತಿರಲಿಲ್ಲ. ಸೆಕೆಗೆ ಜನ ಒಳಗೆ ಕೂರುತ್ತಿರಲಿಲ್ಲ, ಎಷ್ಟೋ ಮಂದಿರಗಳು ಆ ತಿಂಗಳುಗಳಲ್ಲಿ ಬಾಗಿಲು ಹಾಕಿಬಿಡುತ್ತಿದ್ದವು. 1925ರ ಮೇ ಕೊನೆಯಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರ್ ಪಕ್ಕದ ರಿವೋಲಿಯಲ್ಲಿ ವಿಲಿಸ್ ಕ್ಯಾರಿಯರ್ ತನ್ನ ತಂಪು ಯಂತ್ರವನ್ನು ಕೂರಿಸಿದ. ಯಂತ್ರ ಚಾಲೂ ಆಗುವುದು ತಡವಾಗಿ, ಜನ ಕೈಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಲೇ ಕೂತಿದ್ದರಂತೆ. ಆಮೇಲೆ ಒಂದೊಂದೇ ಬೀಸಣಿಗೆ ಮಡಿಲಿಗೆ ಇಳಿಯಿತು. ಪ್ಯಾರಾಮೌಂಟಿನ ಅಡಾಲ್ಫ್ ಜೂಕರ್ ಬಾಲ್ಕನಿಯಲ್ಲಿ ಕೂತು ಇದನ್ನು ನೋಡುತ್ತಿದ್ದ. ಮುಂದಿನ ವರ್ಷಗಳಲ್ಲಿ ಜನ ಚಿತ್ರ ಯಾವುದಾದರೂ ಇರಲಿ, ತಂಪಿಗಾಗಿ ಬರತೊಡಗಿದರು. ಆದರೂ ನಿರ್ಮಾಪಕರು ಒಳ್ಳೆಯ ಚಿತ್ರಗಳನ್ನು ಬೇಸಿಗೆಗೆ ಕೊಡಲು ಇನ್ನೂ ಐವತ್ತು ವರ್ಷ ಬೇಕಾಯಿತು.

ಅದು 1975ರ ಜೂನ್ 20. ‘ಜಾಸ್’.

ಈ ಚಿತ್ರದ ಗಳಿಕೆಯ ಲೆಕ್ಕ ಎಲ್ಲರ ಬಾಯಲ್ಲೂ ಇರುತ್ತದೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದರೊಳಗಿನ ಒಂದು ಕೊರತೆ. ಮಾರ್ಥಾಸ್ ವಿನ್‌ಯಾರ್ಡ್ ಎಂಬ ದ್ವೀಪದ ಹತ್ತಿರ, ತೊಟ್ಟಿಯಲ್ಲಲ್ಲ, ನಿಜವಾದ ಸಮುದ್ರದಲ್ಲಿ ಚಿತ್ರೀಕರಣ ಮಾಡುತ್ತೇನೆಂದು ಹಟ ಹಿಡಿದ ಸ್ಪೀಲ್‌ಬರ್ಗ್‌ಗೆ ಆಗ ಇಪ್ಪತ್ತೇಳು ವರ್ಷ. ಯಾಂತ್ರಿಕ ಶಾರ್ಕಿಗೆ ತನ್ನ ವಕೀಲರ ಹೆಸರನ್ನೇ ಇಟ್ಟು ‘ಬ್ರೂಸ್’ ಎಂದು ಕರೆಯುತ್ತಿದ್ದರು. ಉಪ್ಪು ನೀರು ತಾಗಿದ್ದೇ ತಡ, ಬ್ರೂಸ್ ಕೈಕೊಟ್ಟಿತು. ಮುಳುಗಿತು, ತುಕ್ಕು ಹಿಡಿಯಿತು, ಬಾಯಿ ಮುಚ್ಚಲಿಲ್ಲ. 55 ದಿನಕ್ಕೆ ಮುಗಿಯಬೇಕಾದ ಕೆಲಸ 159 ದಿನ ಎಳೆಯಿತು. ಶಾರ್ಕ್ ಇಲ್ಲದೆ ಶಾರ್ಕಿನ ಚಿತ್ರ ತೆಗೆಯುವ ಗತಿ ಬಂತು, ಬಂದದ್ದೇ ಒಳ್ಳೆಯದಾಯಿತು.

ಚಿತ್ರದ ಮೊದಲ ಭಾಗದಲ್ಲಿ ಒಂದು ಸಣ್ಣ ದೃಶ್ಯವಿದೆ. ರಾತ್ರಿ ಹೊತ್ತು ಇಬ್ಬರು ಹಳ್ಳಿಗರು ಮರದ ದಕ್ಕೆಯ ತುದಿಯಲ್ಲಿ ನಿಂತು, ಮನೆಯಿಂದ ಕದ್ದು ತಂದ ಮಾಂಸದ ತುಂಡನ್ನು ಸರಪಳಿಗೆ ಕಟ್ಟಿ ನೀರಿಗೆ ಎಸೆಯುತ್ತಾರೆ. ಏನೋ ಕಚ್ಚುತ್ತದೆ. ಸರಪಳಿ ಜಗ್ಗಿ, ದಕ್ಕೆಯ ತುದಿಯೇ ಮುರಿದು, ಒಬ್ಬನನ್ನು ನೀರಿಗೆ ಕೆಡವಿ, ಕತ್ತಲೊಳಗೆ ಹೊರಟುಹೋಗುತ್ತದೆ. ಇಷ್ಟಕ್ಕೇ ಮುಗಿಯಿತು ಎಂದು ನಾವು ಉಸಿರು ಬಿಡುವಾಗ ಆ ಮುರಿದ ಮರದ ತುಂಡು ನಿಧಾನಕ್ಕೆ ತಿರುಗುತ್ತದೆ. ಈಜುತ್ತಿರುವವನ ಕಡೆಗೆ ಬರತೊಡಗುತ್ತದೆ. ತೆರೆಯ ಮೇಲೆ ಇರುವುದು ಒಂದಿಷ್ಟು ಹಲಗೆ, ಒಂದಿಷ್ಟು ನೀರು, ದಡದಿಂದ ಕೂಗುತ್ತಿರುವ ಒಬ್ಬ ಗೆಳೆಯ. ಶಾರ್ಕಿನ ಬಾಲವೂ ಕಾಣುವುದಿಲ್ಲ. ಹಲಗೆ ತಿರುಗಿತಲ್ಲ, ಅಷ್ಟಕ್ಕೇ ಮಂದಿರದಲ್ಲಿ ಕೂತವರ ಕಾಲು ತಾನಾಗಿ ಸೀಟಿನ ಮೇಲೆ ಬರುತ್ತದೆ. ಶಾರ್ಕ್ ಸರಿಯಾಗಿ ಮುಖ ತೋರಿಸುವುದು ಒಂದು ಗಂಟೆ ದಾಟಿದ ಮೇಲೆ. ಅಲ್ಲಿಯವರೆಗೆ ಅದರ ಪರವಾಗಿ ವಿಲಿಯಮ್ಸ್ ಅವರ ಎರಡು ಸ್ವರ, ವರ್ನಾ ಫೀಲ್ಡ್ಸ್ ಅವರ ಸಂಕಲನ ಇವೇ ದುಡಿಯುತ್ತವೆ. ಸಂಕಲನಕ್ಕೂ ಸಂಗೀತಕ್ಕೂ ಆಸ್ಕರ್ ಬಂತು. ಬರದಿದ್ದರೆ ಅನ್ಯಾಯವಾಗುತ್ತಿತ್ತು.

ಕಾಯಿಸುವ ಈ ಬುದ್ಧಿ ಚಿತ್ರದ ಒಳಗಷ್ಟೇ ಅಲ್ಲ, ಹೊರಗೂ ಇತ್ತು. ಅದಕ್ಕಿಂತ ಹಿಂದೆ ಒಂದು ಚಿತ್ರವನ್ನು ಏಕಕಾಲಕ್ಕೆ ನೂರಾರು ಕಡೆ ಬಿಡುಗಡೆ ಮಾಡಿದರೆ, ಸರಕು ಕೆಟ್ಟಿದೆ, ಸುದ್ದಿ ಹರಡುವ ಮೊದಲು ಕಾಸು ಮಾಡಿಕೊಳ್ಳುತ್ತಿದ್ದಾರೆ ಎಂದು ಅರ್ಥ. ‘ಜಾಸ್’ಗೆ ಟಿವಿ ಜಾಹೀರಾತನ್ನು ಸುರಿದು ಅಮೆರಿಕದ 409 ಮಂದಿರಗಳಲ್ಲಿ ಒಮ್ಮೆಗೇ ಹಾಕಿದರು. ಇತಿಹಾಸ ಬರೆಯುವವರು ಇಲ್ಲಿಗೇ ನಿಲ್ಲಿಸುತ್ತಾರೆ. ಆದರೆ ಮೊದಲು ಯೋಚಿಸಿದ್ದು ಇನ್ನೂ ಹೆಚ್ಚು ಮಂದಿರಗಳನ್ನು. ಯೂನಿವರ್ಸಲ್‌ನ ಯಜಮಾನ ಲೂ ವಾಸರ್‌ಮನ್ ಅದನ್ನು ಇಳಿಸಿದ ಎಂಬುದು ದಾಖಲಾಗಿದೆ. ಊರೂರಿಗೆ ಚಿತ್ರ ಕೊಡಬೇಡಿ, ಜನ ಕಾರು ಹತ್ತಿ ದೂರದ ಪಟ್ಟಣಕ್ಕೆ ಬಂದು ಸಾಲಿನಲ್ಲಿ ನಿಲ್ಲಲಿ, ಬೇಸಿಗೆ ಪೂರ್ತಿ ಓಡಲಿ ಎಂಬುದು ಅವನ ಲೆಕ್ಕ. ಈಗ ಒಂದು ದೊಡ್ಡ ಚಿತ್ರ ಅಮೆರಿಕದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಮಂದಿರಗಳಿಗೆ ಒಂದೇ ದಿನ ಹೋಗುತ್ತದೆ, ಸೋಮವಾರದೊಳಗೆ ಅದರ ಹಣೆಬರಹ ಇತ್ಯರ್ಥವಾಗುತ್ತದೆ. ‘ಜಾಸ್’ನಿಂದ ಉದ್ಯಮ ಕಲಿತದ್ದು ಅರ್ಧ ಪಾಠ. ಹರಡುವುದನ್ನು ಕಲಿತರು, ತಡೆಹಿಡಿಯುವುದನ್ನು ಬಿಟ್ಟರು.

ಈ ಅಂಕಣದ ಓದುಗರಿಗೆ ನನ್ನ ಒಂದು ವ್ರತ ಗೊತ್ತು. ದೊಡ್ಡ ಚಿತ್ರದ ಮೊದಲ ಟೀಸರ್ ನೋಡುತ್ತೇನೆ, ಎರಡನೆಯದಕ್ಕೆ ಕಣ್ಣು ಮುಚ್ಚುತ್ತೇನೆ. ಟೀಸರ್ ಆಯಿತು, ಟ್ರೈಲರ್ ಆಯಿತು, ಟ್ರೈಲರ್ ಬರುವ ಮುಂಚೆ ಅದರದೇ ಒಂದು ತುಣುಕು ಆಯಿತು. ಮೂರನೆಯ ಟ್ರೈಲರ್ ಮುಗಿಯುವ ಹೊತ್ತಿಗೆ ಕ್ಲೈಮ್ಯಾಕ್ಸಿನ ಸೇತುವೆ ಯಾವ ಕಡೆ ಬೀಳುತ್ತದೆ ಎಂಬುದೂ ತಿಳಿದಿರುತ್ತದೆ. ಮದುವೆಗೆ ಮುಂಚೆ ಅಡುಗೆ ಮನೆಗೆ ನುಗ್ಗಿ ಎಲ್ಲ ಪಾತ್ರೆಯ ಮುಚ್ಚಳ ತೆಗೆದು ನೋಡಿದವನು ಊಟಕ್ಕೆ ಕೂತು ಏನು ಸುಖ ಪಟ್ಟಾನು? ‘ಡಿಸ್‌ಕ್ಲೋಷರ್ ಡೇ’ಯ ಮೊದಲ ಟೀಸರ್ ಕಳೆದ ಡಿಸೆಂಬರಿನಲ್ಲಿ ಬಂತು. ಎಮಿಲಿ ಬ್ಲಂಟ್ ಟಿವಿಯಲ್ಲಿ ಹವಾಮಾನ ಹೇಳುತ್ತಿದ್ದಾರೆ, ಹೇಳುತ್ತ ಹೇಳುತ್ತ ಅವರ ಬಾಯಿಂದ ಮಾತಿನ ಬದಲು ಬೇರೇನೋ ಸದ್ದು ಬರುತ್ತದೆ. ನನಗೆ ಗೊತ್ತಿರುವುದು ಇಷ್ಟೇ, ಜೂನ್‌ವರೆಗೆ ಇಷ್ಟೇ ಸಾಕು. ಗೆಳೆಯರ ಕೂಟದಲ್ಲಿ ಯಾರಾದರೂ ಬಾಯಿ ತೆರೆದರೆ ಎದ್ದು ಹೋಗುತ್ತೇನೆ. ಒರಟ ಎಂದುಕೊಂಡರೆ ಅಂದುಕೊಳ್ಳಲಿ.

ಅನ್ಯಗ್ರಹದವನನ್ನು ಬೇಸಿಗೆಗೆ ಕರೆತರುವುದು ಸ್ಪೀಲ್‌ಬರ್ಗ್‌ಗೆ ಹೊಸದಲ್ಲ. ‘ಇ.ಟಿ.’ ಬಂದದ್ದು 1982ರ ಜೂನ್ 11ಕ್ಕೆ. (ಸತ್ಯಜಿತ್ ರಾಯ್ 1967ರಲ್ಲಿ ಬರೆದು, ಕೊನೆಗೂ ಚಿತ್ರವಾಗದೆ ಉಳಿದ ‘ದಿ ಏಲಿಯನ್’ ಚಿತ್ರಕಥೆಗೂ ‘ಇ.ಟಿ.’ಗೂ ಇರುವ ಹೋಲಿಕೆಯ ತಕರಾರು ಬಂಗಾಳಿಗಳಿರುವಷ್ಟು ದಿನ ಇರುತ್ತದೆ. ಇಲ್ಲಿ ಅದು ಬೇಡ.) ನಾನು ಹೇಳಹೊರಟಿದ್ದು ಆ ಬೇಸಿಗೆಯ ಇನ್ನೆರಡು ಚಿತ್ರಗಳ ಬಗ್ಗೆ. ಎರಡು ವಾರ ಕಳೆದು, ಜೂನ್ 25ರಂದು, ಒಂದೇ ದಿನ ‘ಬ್ಲೇಡ್ ರನ್ನರ್’ ಮತ್ತು ಜಾನ್ ಕಾರ್ಪೆಂಟರ್ ಅವರ ‘ದಿ ಥಿಂಗ್’ ಬಿಡುಗಡೆಯಾದವು. ಮನೆ ಮನೆಯ ಮಕ್ಕಳೂ ‘ಇ.ಟಿ.’ಯ ಮುದ್ದು ಮುಖಕ್ಕೆ ಸೋತಿದ್ದಾಗ ಕೊಳಕು ಮಳೆಯ ಲಾಸ್ ಏಂಜಲೀಸನ್ನೂ ನಾಯಿಯ ಮೈ ಸೀಳಿಕೊಂಡು ಬರುವ ಪಿಶಾಚಿಯನ್ನೂ ಯಾರು ನೋಡುತ್ತಾರೆ? ಎರಡೂ ಮಲಗಿದವು. ಇಂದು ಆ ಎರಡು ಚಿತ್ರಗಳನ್ನು ಅಭ್ಯಾಸ ಮಾಡದ ಫಿಲ್ಮ್ ಸ್ಕೂಲು ಹುಡುಕಬೇಕು. ವಾರಾಂತ್ಯದ ಗಳಿಕೆ ನೋಡಿ ಚಿತ್ರಕ್ಕೆ ಹೋಗುವವರಿಗೆ ನಾನು ಈ ತಾರೀಖನ್ನು ಜ್ಞಾಪಿಸುತ್ತಿರುತ್ತೇನೆ.

‘ಜುರಾಸಿಕ್ ಪಾರ್ಕ್’ ಮಾತು ಬೇರೆ. ಅದು ಗೆದ್ದದ್ದೂ ಹೌದು, ಕಾಯಿಸಿದ್ದೂ ಹೌದು. ಎರಡು ಗಂಟೆಗೂ ಮೀರಿದ ಚಿತ್ರದಲ್ಲಿ ಡೈನೋಸಾರ್‌ಗಳು ತೆರೆಯ ಮೇಲಿರುವುದು ಹೆಚ್ಚೆಂದರೆ ಹದಿನೈದು ನಿಮಿಷ. ಟಿ-ರೆಕ್ಸ್ ಬರುವ ಮುಂಚೆ ಲೋಟದ ನೀರು ಅಲುಗುವುದನ್ನು ನೋಡಿದವರು ಮರೆತಿಲ್ಲ. ಮೊನ್ನೆ ಬಂದ ಅದರ ಉತ್ತರಭಾಗಗಳಲ್ಲಿ ಹಿಂಡು ಹಿಂಡಾಗಿ ಓಡಿದ ಪ್ರಾಣಿಗಳಲ್ಲಿ ಒಂದರ ಹೆಸರೂ ನೆನಪಿಲ್ಲ. ಅಮೆರಿಕದಲ್ಲಿ 1993ರ ಜೂನಿಗೆ ಬಂದ ಚಿತ್ರ ಭಾರತಕ್ಕೆ ಬಂದಾಗ 1994 ಆಗಿತ್ತು, ಹಿಂದಿಗೂ ಡಬ್ ಆಗಿತ್ತು. ಆಗಿನ ಬೆಂಗಳೂರಿನಲ್ಲಿ ಇಂಗ್ಲಿಷ್ ಚಿತ್ರ ಎಂದರೆ ಕಂಟೋನ್ಮೆಂಟ್ ಕಡೆಗೆ ಹೋಗಬೇಕು. ಎಂ.ಜಿ. ರಸ್ತೆಯ ಪ್ಲಾಜಾ, ಬ್ರಿಗೇಡ್ ರಸ್ತೆಯ ರೆಕ್ಸ್, ರೆಸಿಡೆನ್ಸಿ ರಸ್ತೆಯ ಗ್ಯಾಲಕ್ಸಿ. ಅಮೆರಿಕದಲ್ಲಿ ನೋಡಿದ ನೆಂಟರೊಬ್ಬರು ಕಥೆ ಹೇಳಿಬಿಟ್ಟಿರುತ್ತಿದ್ದರು, ಪತ್ರಿಕೆಯಲ್ಲಿ ಒಂದು ಮಸುಕು ಫೋಟೋ ಬಂದಿರುತ್ತಿತ್ತು, ಚಿತ್ರ ಮಾತ್ರ ಬಂದಿರುತ್ತಿರಲಿಲ್ಲ. ಈಗ ಆ ಮೂರು ಮಂದಿರಗಳೂ ಇಲ್ಲ, ರೆಕ್ಸ್ 2018ರ ಕೊನೆಯ ದಿನ ಬಾಗಿಲು ಹಾಕಿತು. ಚಿತ್ರಗಳೋ, ಕೆಲವು ಸಲ ಅಮೆರಿಕಕ್ಕಿಂತ ಒಂದು ದಿನ ಮೊದಲೇ ನಮ್ಮಲ್ಲಿ ತೆರೆ ಕಾಣುತ್ತವೆ. ಹಳೆಯದೇ ಚೆನ್ನಾಗಿತ್ತು ಎಂದು ನಾನು ಹೇಳುವುದಿಲ್ಲ. ಗಾಂಧಿ ಕ್ಲಾಸಿನ ತಿಗಣೆಯನ್ನು ಕಂಡವರು ಹಾಗೆ ಹೇಳಲಾರರು.

ನನ್ನ ಈ ಕಾಯಿಸುವ ಸಿದ್ಧಾಂತಕ್ಕೆ ಒಂದೇ ಒಂದು ಚಿತ್ರ ಸಡ್ಡು ಹೊಡೆದಿದೆ. 2015ರ ಮೇ 15ಕ್ಕೆ ಬಂದ ಜಾರ್ಜ್ ಮಿಲ್ಲರ್ ಅವರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’. ಇದರಲ್ಲಿ ಮುಚ್ಚಿಡುವುದು ಏನೂ ಇಲ್ಲ. ಒಂದು ಟ್ಯಾಂಕರು ಮರುಭೂಮಿಯಲ್ಲಿ ಹೋಗುತ್ತದೆ, ಅದೇ ದಾರಿಯಲ್ಲಿ ವಾಪಸ್ಸು ಬರುತ್ತದೆ, ಮಧ್ಯೆ ಎಲ್ಲವೂ ಉರಿಯುತ್ತದೆ. ಆದರೆ 480 ಗಂಟೆಗಳಷ್ಟು ತುಣುಕುಗಳಿಂದ ಮಾರ್ಗರೆಟ್ ಸಿಕ್ಸೆಲ್ ಎರಡು ಗಂಟೆಯ ಚಿತ್ರ ಕಡೆದು ತೆಗೆದ ಬಗೆ ನೋಡಿ: ಎಷ್ಟೇ ವೇಗವಾಗಿ ದೃಶ್ಯ ಬದಲಾದರೂ ನಮ್ಮ ಕಣ್ಣು ತೆರೆಯ ನಡುಭಾಗ ಬಿಟ್ಟು ಅಲೆಯಬೇಕಾಗಿಲ್ಲ, ಯಾರು ಯಾರ ಬೆನ್ನ ಹಿಂದೆ ಇದ್ದಾರೆ ಎಂಬ ಗೊಂದಲ ಒಂದು ಕ್ಷಣವೂ ಇಲ್ಲ. ಆ ವರ್ಷ ಆರು ಆಸ್ಕರ್ ಬಂದವು, ಅದರಲ್ಲಿ ಒಂದು ಸಿಕ್ಸೆಲ್‌ಗೆ. ಈ ಶತಮಾನದ ಅತ್ಯುತ್ತಮ ಬೇಸಿಗೆ ಚಿತ್ರ ಇದು ಎಂದು ನಾನು ಯಾವ ಜಗಲಿಯ ಮೇಲೆ ಕೂತು ಬೇಕಾದರೂ ವಾದಿಸಬಲ್ಲೆ. ಇಲ್ಲಿ ಮುಚ್ಚಿಟ್ಟಿರುವುದು ಮಾತನ್ನು. ಮ್ಯಾಕ್ಸ್ ತನ್ನ ಹೆಸರನ್ನು ಜೊತೆಗಿದ್ದವಳಿಗೆ ಹೇಳಲು ಕೊನೆಯವರೆಗೆ ಕಾಯಿಸುತ್ತಾನೆ, ಹೇಳಿದಾಗ ಆ ಎರಡಕ್ಷರಕ್ಕೆ ತೂಕ ಬರುತ್ತದೆ. ಹಾಗೆ ನೋಡಿದರೆ ಸಿದ್ಧಾಂತ ಸೋತಿಲ್ಲ.

ಈ ಸಲದ ಋತು ವಿಚಿತ್ರವಾಗಿ ತೆರೆದುಕೊಳ್ಳುತ್ತಿದೆ. 2008ರಲ್ಲಿ ‘ಐರನ್ ಮ್ಯಾನ್’ ಬಂದಾಗಿನಿಂದ ಮೇ ಮೊದಲ ವಾರ ಹೆಚ್ಚುಕಡಿಮೆ ಮಾರ್ವೆಲ್‌ನವರ ಜಹಗೀರು. ಈ ವರ್ಷದ ಮೇ 1 ಕೂಡ ‘ಅವೆಂಜರ್ಸ್: ಡೂಮ್ಸ್‌ಡೇ’ಗೆ ಕಾದಿರಿಸಿದ್ದೇ ಆಗಿತ್ತು. ಅದು ಡಿಸೆಂಬರಿಗೆ ಸರಿಯಿತು, ಆ ಜಾಗಕ್ಕೆ ‘ದಿ ಡೆವಿಲ್ ವೇರ್ಸ್ ಪ್ರಾಡಾ 2’ ಬಂದು ಕೂತಿತು. ಲೋಕ ಉಳಿಸುವವರ ಬದಲು ಫ್ಯಾಷನ್ ಪತ್ರಿಕೆಯ ಸಂಪಾದಕಿ ಬೇಸಿಗೆಯ ಬಾಗಿಲು ತೆರೆಯುತ್ತಿರುವುದು ನನಗೆ ಖುಷಿ ಕೊಟ್ಟಿದೆ. ಮೇ 22ಕ್ಕೆ ‘ದಿ ಮ್ಯಾಂಡಲೋರಿಯನ್ ಆ್ಯಂಡ್ ಗ್ರೋಗು’, ಜೂನ್ 19ಕ್ಕೆ ‘ಟಾಯ್ ಸ್ಟೋರಿ 5’. ಮೂರನೆಯದರಲ್ಲೇ ಅಷ್ಟು ಚೆನ್ನಾಗಿ ಮುಗಿದಿದ್ದ ಕಥೆ ಐದಕ್ಕೆ ಯಾಕೆ ಬೇಕು ಎಂದು ಕೇಳಬಹುದು. ಕೇಳುತ್ತೇನೆ, ಆಮೇಲೆ ಮನೆಯ ಮಕ್ಕಳ ಜೊತೆ ಹೋಗಿ ಅತ್ತು ಬರುತ್ತೇನೆ.

ಜುಲೈ 17ರ ‘ದಿ ಒಡಿಸ್ಸಿ’ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಕ್ರಿಸ್ಟೊಫರ್ ನೋಲನ್ ಈ ಚಿತ್ರವನ್ನು ಪೂರ್ತಿಯಾಗಿ ಐಮ್ಯಾಕ್ಸ್ ಫಿಲ್ಮ್ ಕ್ಯಾಮೆರಾದಲ್ಲೇ ತೆಗೆದಿದ್ದಾರೆ, ಕಥಾಚಿತ್ರವೊಂದಕ್ಕೆ ಇದು ಮೊದಲು. ಆ ಕ್ಯಾಮೆರಾ ಓಡುವಾಗ ಹೊಲಿಗೆ ಯಂತ್ರಕ್ಕಿಂತ ಜೋರು ಸದ್ದು ಮಾಡುವುದರಿಂದ ಪಾತ್ರಗಳು ಪಿಸುಗುಟ್ಟುವ ದೃಶ್ಯಕ್ಕೆ ಅದನ್ನು ಬಳಸುವುದೇ ಕಷ್ಟವಾಗಿತ್ತು. ಇದಕ್ಕೆಂದು ಸದ್ದು ಅಡಗಿಸುವ ಕವಚ ಮಾಡಿಸಿದರು. ಬಿಡುಗಡೆಗೆ ಸರಿಯಾಗಿ ಒಂದು ವರ್ಷ ಮೊದಲೇ, ಕಳೆದ ಜುಲೈ 17ರಂದು, ಕೆಲವು 70 ಎಂಎಂ ಐಮ್ಯಾಕ್ಸ್ ಮಂದಿರಗಳ ಟಿಕೆಟ್ ಮಾರಾಟಕ್ಕಿಟ್ಟರು, ನೋಡನೋಡುತ್ತ ಖಾಲಿಯಾದವು. ವಾಸರ್‌ಮನ್ ಬದುಕಿದ್ದರೆ ಟೋಪಿ ತೆಗೆಯುತ್ತಿದ್ದ. ನಮಗೆ ಆ ಭಾಗ್ಯವಿಲ್ಲ. ಫಿಲ್ಮ್ ರೀಲಿನಿಂದ ಐಮ್ಯಾಕ್ಸ್ ತೋರಿಸುವ ಯಂತ್ರ ಒಂದು ಕಾಲಕ್ಕೆ ಹೈದರಾಬಾದಿನ ಪ್ರಸಾದ್ಸ್‌ನಲ್ಲಿತ್ತು. ಈಗ ಭಾರತದ ಐಮ್ಯಾಕ್ಸ್ ಎಲ್ಲವೂ ಡಿಜಿಟಲ್. ಆದರೂ ಬನ್ನೇರುಘಟ್ಟ ರಸ್ತೆಯಲ್ಲೋ ಕೋರಮಂಗಲದಲ್ಲೋ ಇರುವ ದೊಡ್ಡ ಪರದೆಯಲ್ಲಿ ನೋಡುವುದೇ ಸರಿ. ಸೀಟು ಹಿಂದಿನಿಂದ ಮೂರನೆಯ ಸಾಲಿನ ನಡುವೆ. ಕಾಸಿನ ಬಗ್ಗೆ ಕೇಳಬೇಡಿ. ಕಳೆದ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಟಿಕೆಟ್ಟಿಗೆ 200 ರೂಪಾಯಿ ಮಿತಿ ಹಾಕಿತು, ಹೈಕೋರ್ಟಿನಿಂದ ಅದಕ್ಕೆ ತಡೆ ಬಂತು.

ಈ ಚಿತ್ರದ ವಿಷಯದಲ್ಲಿ ನನ್ನ ಟ್ರೈಲರ್ ವ್ರತಕ್ಕೆ ಅರ್ಥವೇ ಇಲ್ಲ. ಹೋಮರನ ಕಥೆಯಲ್ಲಿ ಒಡಿಸ್ಸಿಯಸ್ ಮನೆ ಮುಟ್ಟುತ್ತಾನೆ ಎಂಬುದು ಎರಡೂವರೆ ಸಾವಿರ ವರ್ಷದಿಂದ ಊರಿಗೇ ಗೊತ್ತು. ಇಂಥ ಕಥೆಗೆ ಕೂರುವುದು ಹೇಗೆಂದು ನಮ್ಮವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗದಾಯುದ್ಧದಲ್ಲಿ ಕೌರವ ಬೀಳುತ್ತಾನೆ ಎಂದು ಗೊತ್ತಿದ್ದೇ ಯಕ್ಷಗಾನಕ್ಕೆ ಬೆಳಗಿನ ಜಾವದವರೆಗೆ ಕೂರುತ್ತೇವೆ. ಕೌರವನ ವೇಷ ಇವತ್ತು ಯಾರದು, ನೀರಿನಿಂದ ಹೇಗೆ ಏಳುತ್ತಾನೆ ಎಂಬುದೇ ಕುತೂಹಲ. ಒಕ್ಕಣ್ಣಿನ ರಾಕ್ಷಸನ ಗುಹೆಯನ್ನು ನೋಲನ್ ಎಷ್ಟು ಹೊತ್ತು ಕತ್ತಲಾಗಿ ಇಡುತ್ತಾರೆ, ಗಂಡನಿಗಾಗಿ ಇಪ್ಪತ್ತು ವರ್ಷ ಕಾದ ಪೆನಲೋಪಿಗೆ ಎಷ್ಟು ಜಾಗ ಕೊಡುತ್ತಾರೆ, ನಾನು ನೋಡಬೇಕೆಂದಿರುವುದು ಇದನ್ನು. ಅವರ ಚಿತ್ರಗಳಲ್ಲಿ ಹೆಂಗಸರಿಗೆ ಜಾಗ ಸಾಲದೆಂಬ ಹಳೆಯ ದೂರು ನನ್ನದೂ ಹೌದು.

ದೂರಿನ ಮಾತು ಬಂದದ್ದಕ್ಕೆ ಇನ್ನೊಂದು. ಹಾಲಿವುಡ್ ಚಿತ್ರಗಳಲ್ಲಿ ಇಂಟರ್ವಲ್ ಎಂದು ಬರೆದಿರುವುದಿಲ್ಲ. ನಮ್ಮ ಮಲ್ಟಿಪ್ಲೆಕ್ಸ್‌ಗಳಿಗೆ ಪಾಪ್‌ಕಾರ್ನ್ ಮಾರಬೇಕಲ್ಲ, ಆದ್ದರಿಂದ ಎಲ್ಲೋ ಒಂದು ಕಡೆ ಕಡಿಯುತ್ತಾರೆ. ಒಂದು ಮಂದಿರದಲ್ಲಿ ಮಾತಿನ ಮಧ್ಯೆ ದೀಪ ಹತ್ತಿತು. ಪಾತ್ರದ ಬಾಯಿ ತೆರೆದೇ ಇತ್ತು, ಪರದೆಯ ಮೇಲೆ ಸಮೋಸಾ ಬಂತು. ಚಿತ್ರ ಮತ್ತೆ ಶುರುವಾದಾಗ ಅರ್ಧ ಜನ ಇನ್ನೂ ಸಾಲಿನಲ್ಲಿದ್ದರು. ನಮ್ಮ ನಿರ್ದೇಶಕರು ಇಂಟರ್ವಲ್ಲಿಗೆಂದೇ ಒಂದು ತಿರುವು ಕಟ್ಟುತ್ತಾರೆ, ಅದೊಂದು ಕಸುಬು. ಕಟ್ಟದೆ ಇರುವಲ್ಲಿ ಮುರಿಯುವುದು ಯಾವ ನ್ಯಾಯ? ಮೇಲಿಂದ ಸೆನ್ಸಾರಿನವರ ಕತ್ತರಿ. ಕಳೆದ ಜುಲೈನಲ್ಲಿ ‘ಸೂಪರ್‌ಮ್ಯಾನ್’ ಚಿತ್ರದ ಮುತ್ತಿನಿಂದ 33 ಸೆಕೆಂಡು ಹೋಯಿತು. ಕಟ್ಟಡಗಳು ಉರುಳಿದ್ದಕ್ಕೆ ಯಾರ ಆಕ್ಷೇಪವೂ ಇರಲಿಲ್ಲ.

ಕನ್ನಡದಲ್ಲಿ ನೋಡಬಹುದೇ ಎಂದು ಕೇಳುವವರಿದ್ದಾರೆ. ದಶಕಗಳ ಕಾಲ ಇಲ್ಲಿ ಡಬ್ಬಿಂಗಿಗೆ ದಾರಿ ಇರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗದ ಆದೇಶ ಬಂದ ಮೇಲೆ ಬಾಗಿಲು ಸಡಿಲವಾಯಿತು. 2023ರ ಜೂನ್ 1ಕ್ಕೆ ಬಂದ ‘ಸ್ಪೈಡರ್-ಮ್ಯಾನ್: ಅಕ್ರಾಸ್ ದಿ ಸ್ಪೈಡರ್-ವರ್ಸ್’ ಹತ್ತು ಭಾಷೆಗಳಲ್ಲಿ ಬಿಡುಗಡೆಯಾಯಿತು, ಅದರಲ್ಲಿ ಕನ್ನಡವೂ ಒಂದು. ಮಕ್ಕಳ ಚಿತ್ರಕ್ಕೆ ನಾನು ಕನ್ನಡದ ಪರ. ಮಕ್ಕಳು ಅಡಿಬರಹ ಓದುತ್ತ ಚಿತ್ರ ತಪ್ಪಿಸಿಕೊಳ್ಳಬಾರದು. ಆದರೆ ಮಂದಿರದವರು ಕನ್ನಡಕ್ಕೆ ಕೊಡುವುದು ಯಾರೂ ಬರಲಾಗದ ಹೊತ್ತಿನ ಒಂದು ಆಟ, ಆಮೇಲೆ ಕನ್ನಡದಲ್ಲಿ ಯಾರೂ ನೋಡುವುದಿಲ್ಲ ಎಂಬ ಷರಾ.

ಕೊನೆಗೆ ಆಗಸ್ಟ್. ಉದ್ಯಮ ಇದನ್ನು ಋತುವಿನ ಗಸಿ ಎಂದು ತಿಳಿದು, ನಂಬಿಕೆ ಇಲ್ಲದ ಚಿತ್ರಗಳನ್ನು ಇಲ್ಲಿಗೆ ತಳ್ಳುತ್ತದೆ. ನಾನು ಜಾಸ್ತಿ ಗಮನವಿಡುವ ತಿಂಗಳು ಇದೇ. ‘ದಿ ಸಿಕ್ಸ್ತ್ ಸೆನ್ಸ್’ 1999ರ ಆಗಸ್ಟ್ 6ಕ್ಕೆ ಬಂತು, ನೋಡಿದವರು ಗುಟ್ಟು ಬಿಟ್ಟುಕೊಡದೆ ಇತರರನ್ನು ಅಟ್ಟಿದರು. ಕಳೆದ ವರ್ಷ ‘ವೆಪನ್ಸ್’ ಆಗಸ್ಟ್ 8ಕ್ಕೆ ಬಂತು. ಒಂದು ತರಗತಿಯ ಮಕ್ಕಳು ಒಂದೇ ರಾತ್ರಿ ಮನೆ ಬಿಟ್ಟು ಓಡುತ್ತಾರೆ ಎಂಬಷ್ಟನ್ನು ಮಾತ್ರ ತಿಳಿದು ಹೋದವರು ಪುಣ್ಯವಂತರು. ಈ ವರ್ಷ ಅಂಥದ್ದು ಯಾವುದು ಬರುತ್ತದೋ, ಆಶ್ಲೇಷಾ ಮಳೆಯ ಎರಡು ವಾರ ನಾನು ಖಾಲಿ ಇಟ್ಟುಕೊಂಡಿದ್ದೇನೆ. ಜುಲೈ 31ರ ಹೊಸ ಸ್ಪೈಡರ್‌ಮ್ಯಾನ್ ಅಷ್ಟೊತ್ತಿಗೆ ಒಳ್ಳೊಳ್ಳೆ ಪರದೆಗಳನ್ನೆಲ್ಲ ಹಿಡಿದುಕೊಂಡಿರುತ್ತದೆ, ಸ್ವಾತಂತ್ರ್ಯ ದಿನಕ್ಕೆ ನಮ್ಮವರ ಚಿತ್ರಗಳು ಉಳಿದದ್ದನ್ನು ಹಿಡಿಯುತ್ತವೆ. ಸಿಕ್ಕರೆ ಬೆಳಗಿನ ಒಂಬತ್ತರ ಆಟ ಸಿಗಬಹುದು, ಇಲ್ಲವೇ ರಾತ್ರಿ ಹನ್ನೊಂದರದು. ಬೆಳಗಿನದೇ ವಾಸಿ, ಮಂದಿರ ಖಾಲಿ ಇರುತ್ತದೆ, ಇಂಟರ್ವಲ್ಲಿನಲ್ಲಿ ಸಾಲೂ ಇರುವುದಿಲ್ಲ.